ಮೊದಲು ಕಾಗದ, ಆಮೇಲೆ ಬಣ್ಣ

ಜಲವರ್ಣ ಚಿತ್ರದಲ್ಲಿ ಬೆಳಕನ್ನು ಒದಗಿಸುವುದು ಬಣ್ಣವಲ್ಲ, ಬಣ್ಣದ ಕೆಳಗಿರುವ ಕಾಗದ. ತೈಲವರ್ಣದಲ್ಲಿಯೂ ಪೋಸ್ಟರ್ ಕಲರ್‌ನಲ್ಲಿಯೂ ಬಿಳಿಯನ್ನು ಬೆರೆಸಿ ತಿಳಿಛಾಯೆಗಳನ್ನು ಪಡೆಯುತ್ತಾರೆ. ಜಲವರ್ಣದಲ್ಲಾದರೋ ತೆಳ್ಳನೆಯ ಪಾರದರ್ಶಕ ಪದರವೊಂದು ಕಾಗದದ ಮೇಲೆ ನಿಂತಿದ್ದು, ಅದರ ಮೂಲಕ ಒಳಹೊಕ್ಕ ಬೆಳಕು ಕಾಗದದ ಬಿಳುಪಿಗೆ ತಾಗಿ ಮರಳುವುದರಿಂದಲೇ ಚಿತ್ರಕ್ಕೆ ಹೊಳಪು ಬರುತ್ತದೆ. ಈ ಸಂಗತಿ ಮನದಟ್ಟಾದವರಿಗೆ ಸಾಮಗ್ರಿಗಳಲ್ಲಿ ಯಾವುದಕ್ಕೆ ಹೆಚ್ಚು ಹಣ ತೆರಬೇಕೆಂಬ ಪ್ರಶ್ನೆ ಅರ್ಧ ಬಗೆಹರಿದಂತೆಯೇ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂಥ ಪಟ್ಟಣಗಳಲ್ಲಿ ಹೊಸದಾಗಿ ಕಲಿಯಹೊರಟವರು ಕೊಳ್ಳುವ ಕ್ರಮ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿರುತ್ತದೆ: ಮೊದಲು ಇಪ್ಪತ್ತನಾಲ್ಕು ಬಣ್ಣಗಳ ದೊಡ್ಡ ಡಬ್ಬಿ, ಆಮೇಲೆ ಒಂದು ಕಟ್ಟು ಬ್ರಷ್ಷು, ಕೊನೆಗೆ ಉಳಿದ ಚಿಲ್ಲರೆಗೆ ನಾಲ್ಕು ಡ್ರಾಯಿಂಗ್ ಶೀಟು.

ಇದರಲ್ಲಿ ಅಂಗಡಿಯವರ ತಪ್ಪೇನೂ ಇಲ್ಲ. ತಾಲ್ಲೂಕು ಕೇಂದ್ರದ ಪುಸ್ತಕದಂಗಡಿಗೆ ಬಣ್ಣ ಕೇಳಿ ಬರುವವರಲ್ಲಿ ಬಹುಪಾಲು ಶಾಲೆಯ ಮಕ್ಕಳು, ಅವರ ತಂದೆತಾಯಿಗಳು ಮತ್ತು ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಸಿದ್ಧತೆ ನಡೆಸುವವರು. ಅವರಿಗೆ ಬೇಕಾದದ್ದು ಗೆರೆಯೊಳಗೆ ಸಮನಾಗಿ ತುಂಬುವ, ಕೆಳಗಿನ ಪೆನ್ಸಿಲ್ ಗೆರೆಯನ್ನು ಮುಚ್ಚುವ, ಅಗ್ಗವಾದ ಬಣ್ಣ. ಪೋಸ್ಟರ್ ಕಲರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದೂ ನೀರಿನಲ್ಲಿ ಕರಗುವುದರಿಂದ ಅದನ್ನೇ ಜಲವರ್ಣವೆಂದು ತಿಳಿಯುವುದು ಸಹಜ. ಆದರೆ ಅದರಲ್ಲಿ ಸೀಮೆಸುಣ್ಣದಂಥ ತುಂಬುಪುಡಿ ಹೆಚ್ಚಾಗಿದ್ದು, ಎಷ್ಟು ನೀರು ಬೆರೆಸಿದರೂ ಪದರ ಮಬ್ಬಾಗಿಯೇ ಉಳಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಟ್ಯೂಬಿನ ಮೇಲೆ ವಾಟರ್ ಕಲರ್ ಎಂದಿದೆಯೇ, ಪೋಸ್ಟರ್ ಕಲರ್ ಎಂದಿದೆಯೇ ಎಂಬುದನ್ನು.

ಈ ಮಾಧ್ಯಮಕ್ಕೂ ಈ ಸೀಮೆಗೂ ಇರುವ ನಂಟು ಇತ್ತೀಚಿನದಲ್ಲ. 1791ರಲ್ಲಿ ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನ ದಂಡು ಮುಗಳಿ ಕಣಿವೆಯನ್ನು ಹತ್ತಿ ಮುಳಬಾಗಿಲು, ಕೋಲಾರಗಳ ದಾರಿಯಲ್ಲಿ ಬೆಂಗಳೂರಿನ ಕಡೆಗೆ ನಡೆಯಿತು. ಆ ಯುದ್ಧದಲ್ಲಿ ದಂಡಿನೊಡನೆ ತಿರುಗಾಡಿದ ಚಿತ್ರಕಾರ ರಾಬರ್ಟ್ ಹೋಮ್‌ನ ಮೈಸೂರು ಸೀಮೆಯ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಫಿರಂಗಿ ದಳದ ಅಧಿಕಾರಿಯಾಗಿದ್ದ ಜೇಮ್ಸ್ ಹಂಟರ್ ಬರೆದ ಚಿತ್ರಗಳು ಆತನ ಮರಣಾನಂತರ ಪ್ರಕಟವಾದವು. ಕೋಟೆ, ಬೆಟ್ಟ, ಕಣಿವೆಗಳನ್ನು ಗುರುತಿಸಿಕೊಳ್ಳುವುದು ಸೇನೆಗೆ ಅಗತ್ಯವಾಗಿದ್ದ ಆ ಕಾಲದಲ್ಲಿ ಚಿತ್ರ ಬರೆಯುವುದು ಅಧಿಕಾರಿಗಳ ಶಿಕ್ಷಣದ ಒಂದು ಭಾಗವೇ ಆಗಿತ್ತು. ಲಂಡನ್ನಿನ ರೀವ್ಸ್ ಸೋದರರು ಬಣ್ಣವನ್ನು ಪುಟ್ಟ ಬಿಲ್ಲೆಗಳಾಗಿ ಅಚ್ಚು ಹಾಕುವ ವಿಧಾನಕ್ಕಾಗಿ 1781ರಲ್ಲಿ ಅಲ್ಲಿನ ಸೊಸೈಟಿ ಆಫ್ ಆರ್ಟ್ಸ್‌ನಿಂದ ಪುರಸ್ಕಾರ ಪಡೆದ ಮೇಲೆ, ಬಣ್ಣವನ್ನು ತಾವೇ ಅರೆದುಕೊಳ್ಳುವ ಕಷ್ಟವಿಲ್ಲದೆ ಜೇಬಿನಲ್ಲಿಟ್ಟುಕೊಂಡು ಹೊರಡುವುದು ಸಾಧ್ಯವಾಯಿತು. ಇಂದು ಅಂಗಡಿಯಲ್ಲಿ ಕೇಕ್ ಎಂದು ಕರೆಯುವ ಬಣ್ಣದ ಬಿಲ್ಲೆ ಆ ವಂಶದ್ದೇ. ಟ್ಯೂಬಿನ ಜಲವರ್ಣ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ.

ಕಾಗದದ ವಿಷಯವನ್ನು ತುಸು ವಿಸ್ತಾರವಾಗಿಯೇ ನೋಡಬೇಕಾಗುತ್ತದೆ. ಕಾಗದದ ದಪ್ಪವನ್ನು ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂಬ ಲೆಕ್ಕದಲ್ಲಿ ಹೇಳುತ್ತಾರೆ; ಇದನ್ನೇ ವ್ಯಾಪಾರದಲ್ಲಿ ಜಿಎಸ್ಎಂ ಎನ್ನುವುದು. ಶಾಲೆಗೆ ಕೊಳ್ಳುವ ಡ್ರಾಯಿಂಗ್ ಶೀಟು ಸಾಮಾನ್ಯವಾಗಿ 150 ಜಿಎಸ್ಎಂ ಒಳಗಿನದು, ಅದಕ್ಕೆ ನೀರು ತಗುಲಿದೊಡನೆ ನಾರುಗಳು ಹಿಗ್ಗಿ ಕಾಗದ ಅಲೆಯಲೆಯಾಗಿ ಏಳುತ್ತದೆ, ಬಣ್ಣ ತಗ್ಗುಗಳಿಗೆ ಹರಿದು ಅಲ್ಲಿಯೇ ಒಣಗಿ ಕಲೆಯಾಗುತ್ತದೆ, ಎರಡನೆಯ ಸಲ ಬ್ರಷ್ ಆಡಿಸಿದರೆ ಮೇಲ್ಮೈ ಎದ್ದು ಉಂಡೆಗಟ್ಟುತ್ತದೆ. ಹೊಸಬರಲ್ಲಿ ಅನೇಕರು ಇದನ್ನು ತಮ್ಮ ಕೈಯ ದೋಷವೆಂದು ಭಾವಿಸಿ ಬ್ರಷ್ಷನ್ನು ಬದಿಗಿಡುವುದುಂಟು. ಆ ಕಾಗದದ ಮೇಲೆ ನುರಿತ ಕಲಾವಿದನಿಗೂ ಸಮನಾದ ಒಂದು ಆಕಾಶವನ್ನು ಬರೆಯುವುದು ಕಷ್ಟವೆಂಬುದು ಅವರಿಗೆ ತಿಳಿದಿರುವುದಿಲ್ಲ. 300 ಜಿಎಸ್ಎಂ ಕಾಗದವಾದರೆ ನಾಲ್ಕೂ ಅಂಚನ್ನು ಹಲಗೆಗೆ ಟೇಪಿನಿಂದ ಅಂಟಿಸಿಕೊಂಡು ನಿರಾತಂಕವಾಗಿ ಕೆಲಸ ಮಾಡಬಹುದು. 200 ಜಿಎಸ್ಎಂ ಆಸುಪಾಸಿನ ಕಾಗದವೂ ಅಭ್ಯಾಸಕ್ಕೆ ಆದೀತು, ಆದರೆ ಅದನ್ನು ಮೊದಲು ನೀರಿನಲ್ಲಿ ನೆನೆಸಿ, ಹಲಗೆಯ ಮೇಲೆ ಹಾಸಿ, ಗೋಂದಿನ ಟೇಪಿನಿಂದ ಅಂಚುಗಳನ್ನು ಬಿಗಿದು ಒಣಗಿಸಿಕೊಳ್ಳಬೇಕು. ಹಾಗೆ ಬಿಗಿದ ಕಾಗದ ಮತ್ತೆ ನೆನೆದರೂ ಒಣಗುವಾಗ ಮಟ್ಟಸವಾಗುತ್ತದೆ.

ದಪ್ಪಕ್ಕಿಂತ ಮುಖ್ಯವಾದವು ನಾರು ಮತ್ತು ಅಂಟು. ಮರದ ತಿರುಳಿನಿಂದ ಮಾಡಿದ ಕಾಗದ ಅಗ್ಗ. ಹತ್ತಿಯ ನಾರಿನಿಂದ ಮಾಡಿದ್ದು ದುಬಾರಿ, ಆದರೆ ನೀರನ್ನು ಹೀರಿಕೊಂಡು ಹೆಚ್ಚು ಹೊತ್ತು ಒದ್ದೆಯಾಗಿರುವ ಗುಣ ಅದಕ್ಕೆ ಇದೆ, ಕಾಲಾಂತರದಲ್ಲಿ ಹಳದಿಗಟ್ಟುವುದೂ ಕಡಿಮೆ. ಇನ್ನು ಅಂಟು ಎಂದರೆ ಬಣ್ಣ ನಾರಿನೊಳಕ್ಕೆ ಇಂಗಿಹೋಗದಂತೆ ತಡೆಯಲು ತಯಾರಿಕೆಯಲ್ಲಿ ಕಾಗದಕ್ಕೆ ಉಣಿಸುವ ಜೆಲಟಿನ್ ಅಥವಾ ಅದಕ್ಕೆ ಸಮಾನವಾದ ಪದಾರ್ಥ. ಕಸುಬಿನಲ್ಲಿ ಇದಕ್ಕೆ ಸೈಜಿಂಗ್ ಎನ್ನುತ್ತಾರೆ. ಕಾಗದದ ಮೂಲೆಗೆ ಒಂದು ಹನಿ ನೀರಿಟ್ಟು ನೋಡಿದರೆ ಇದರ ಗುಟ್ಟು ಬಯಲಾಗುತ್ತದೆ: ಹನಿ ಕೆಲಹೊತ್ತು ಮಣಿಯಂತೆ ನಿಂತು ನಿಧಾನವಾಗಿ ಇಳಿದರೆ ಸೈಜಿಂಗ್ ಸರಿಯಾಗಿದೆ, ತಕ್ಷಣ ಹೀರಿಕೊಂಡು ಹಿಂಬದಿಗೆ ಮೂಡಿದರೆ ಆ ಕಾಗದ ಜಲವರ್ಣಕ್ಕೆ ಒಗ್ಗುವುದಿಲ್ಲ. ನೋಡಲು ಬಹಳ ಚೆಲುವಾದ ಕೆಲವು ಕೈಕಾಗದಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ, ಏಕೆಂದರೆ ಅವು ಆಮಂತ್ರಣ ಪತ್ರಿಕೆಗೂ ಪುಸ್ತಕದ ಹೊದಿಕೆಗೂ ಮಾಡಿದವು.

ಮೇಲ್ಮೈಯಲ್ಲಿ ಮೂರು ಬಗೆಗಳಿವೆ. ಬಿಸಿ ಉರುಳೆಗಳ ನಡುವೆ ಒತ್ತಿ ನಯಗೊಳಿಸಿದ್ದು ಹಾಟ್ ಪ್ರೆಸ್, ತುಸು ಉಬ್ಬುತಗ್ಗು ಉಳಿಸಿಕೊಂಡದ್ದು ಕೋಲ್ಡ್ ಪ್ರೆಸ್, ಒರಟಾಗಿ ಬಿಟ್ಟದ್ದು ರಫ್. ಮೊದಲ ಕಾಗದವಾಗಿ ಕೋಲ್ಡ್ ಪ್ರೆಸ್ ಒಳ್ಳೆಯದು. ಅಂತರಗಂಗೆಯ ಬೆಟ್ಟದಲ್ಲಿ ಅಥವಾ ಮಾಲೂರು ತಾಲ್ಲೂಕಿನ ಟೇಕಲ್‌ನಲ್ಲಿ ಒಂದರ ಮೇಲೊಂದು ನಿಂತಿರುವ ಹೆಬ್ಬಂಡೆಗಳನ್ನು ಬರೆಯಲು ಬಯಸುವವರಿಗೆ ರಫ್ ಕಾಗದವೂ ಅನುಕೂಲ, ಏಕೆಂದರೆ ಅರೆಒಣಗಿದ ಬ್ರಷ್ಷನ್ನು ಅದರ ಮೇಲೆ ಅಡ್ಡಲಾಗಿ ಎಳೆದರೆ ಬಣ್ಣ ಉಬ್ಬುಗಳಿಗೆ ಮಾತ್ರ ತಾಗಿ ಕಲ್ಲಿನ ತರಿ ತಾನಾಗಿಯೇ ಮೂಡುತ್ತದೆ. ಬೆಲೆಯ ಭಾರವನ್ನು ಇಳಿಸಿಕೊಳ್ಳಲು ಸುಲಭದ ದಾರಿಯೆಂದರೆ ಪುಸ್ತಕವಾಗಿ ಹೊಲಿದ ಪ್ಯಾಡಿನ ಬದಲು ಬಿಡಿ ಹಾಳೆಯನ್ನು ಕೊಳ್ಳುವುದು. 22 ಇಂಚು ಅಗಲ, 30 ಇಂಚು ಉದ್ದದ ಪೂರ್ಣ ಹಾಳೆಯನ್ನು ಮಡಿಚಿ ಕತ್ತರಿಸಿದರೆ ಏಳೂವರೆಗೆ ಹನ್ನೊಂದು ಇಂಚಿನ ಎಂಟು ತುಂಡುಗಳಾಗುತ್ತವೆ. ಎರಡೂ ಮಗ್ಗುಲುಗಳನ್ನು ಬಳಸಿದರೆ ಒಂದು ಹಾಳೆ ಹದಿನಾರು ಅಭ್ಯಾಸಗಳಿಗೆ ಒದಗುತ್ತದೆ.

ಕೋಲಾರ ಸೀಮೆಯ ಹವೆಯೂ ಹತ್ತಿ ಕಾಗದದ ಪರವಾಗಿಯೇ ಮಾತಾಡುತ್ತದೆ. ಜೀವನದಿಯಿಲ್ಲದ ಈ ಬಯಲಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಗಾಳಿ ಒಣಗಿರುತ್ತದೆ. ತೆಳುಬಣ್ಣದ ಲೇಪವನ್ನು ಕಾಗದದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ಯುವಷ್ಟರಲ್ಲಿ ಮೊದಲ ತುದಿ ಒಣಗಿ ಅಂಚು ಗಟ್ಟಿಯಾಗುತ್ತದೆ. ಒದ್ದೆಯ ಮೇಲೆ ಒದ್ದೆ ಬಣ್ಣ ಬಿಟ್ಟು ಎರಡನ್ನೂ ಕೂಡಿಕೊಳ್ಳಲು ಬಿಡುವ ವಿಧಾನವಂತೂ ಮರತಿರುಳಿನ ತೆಳುಕಾಗದದ ಮೇಲೆ ಏಪ್ರಿಲ್ ಮಧ್ಯಾಹ್ನದಲ್ಲಿ ನಡೆಯುವ ಮಾತಲ್ಲ. ಇಂಗ್ಲೆಂಡಿನ ಹವೆಗೆ ಬರೆದ ಕೈಪಿಡಿಗಳು ಬಣ್ಣ ಒಣಗುವವರೆಗೆ ಕಾಯಿರಿ ಎಂದು ಬುದ್ಧಿ ಹೇಳುತ್ತವೆ, ಇಲ್ಲಿ ಬೇಕಾದ ಬುದ್ಧಿ ಅದಕ್ಕೆ ತದ್ವಿರುದ್ಧ. ಬೆಳಗಿನ ಹೊತ್ತು ಕೆಲಸ ಮಾಡುವುದು, ಇಸ್ತ್ರಿಗೆ ಬಳಸುವಂಥ ನೀರು ಚಿಮುಕಿಸುವ ಬಾಟಲಿಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳುವುದು, ಕಾಗದದ ಹಿಂಬದಿಯನ್ನೂ ಮೊದಲೇ ನೆನೆಸಿಕೊಳ್ಳುವುದು ಇವು ಬಿಡಿಗಾಸಿನ ಖರ್ಚಿಲ್ಲದ ಪರಿಹಾರಗಳು.

ನೀರನ್ನು ಯಾರೂ ಸಾಮಗ್ರಿಗಳ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಆದರೆ ಆಳದ ಕೊಳವೆಬಾವಿಗಳನ್ನೇ ನಂಬಿರುವ ಈ ಜಿಲ್ಲೆಯಲ್ಲಿ ನೀರಿನ ಗಡಸುತನವನ್ನು, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಡಸು ನೀರಿನಲ್ಲಿ ಕೆಲವು ವರ್ಣದ್ರವ್ಯಗಳ ಕಣಗಳು ಒಂದಕ್ಕೊಂದು ಅಂಟಿಕೊಂಡು ಲೇಪ ಸಮನಾಗಿ ಬರದೆ ತರಿತರಿಯಾಗುತ್ತದೆ. ಅನೇಕ ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ಒಂದು ಚೊಂಬು ನೀರು ಅಥವಾ ಹಿಡಿದಿಟ್ಟ ಮಳೆನೀರು ಸಾಕು; ಬ್ರಷ್ ತೊಳೆಯಲು ಮಾತ್ರ ಬೋರಿನ ನೀರಾದರೂ ನಡೆಯುತ್ತದೆ.

ಬಣ್ಣದ ಒಳಗೆ ಏನಿದೆಯೆಂದು ತಿಳಿದರೆ ಬೆಲೆಯ ವ್ಯತ್ಯಾಸವೂ ತಿಳಿಯುತ್ತದೆ. ನೀರಿನಲ್ಲಿ ಕರಗದ ನುಣುಪಾದ ಪುಡಿಯಾದ ವರ್ಣದ್ರವ್ಯ, ಅದನ್ನು ಕಾಗದಕ್ಕೆ ಹಿಡಿದಿಡುವ ಗೋಂದು, ಒಣಗಿ ಬಿರುಕುಬಿಡದಂತೆ ಸ್ವಲ್ಪ ಗ್ಲಿಸರಿನ್ ಅಥವಾ ಜೇನು ಇವಿಷ್ಟೇ ಮುಖ್ಯ. ಗೋಂದು ಆಫ್ರಿಕದ ಒಂದು ಬಗೆಯ ಜಾಲಿಮರದ ಅಂಟು. ಕೋಲಾರದ ಕೆರೆಯಂಗಳಗಳಲ್ಲಿ ಬೆಳೆದಿರುವ ಕರಿಜಾಲಿಯ ಹತ್ತಿರದ ಸಂಬಂಧಿಯದು. ವಿದ್ಯಾರ್ಥಿ ದರ್ಜೆಯ ಬಣ್ಣದಲ್ಲಿ ವರ್ಣದ್ರವ್ಯದ ಪಾಲು ಕಡಿಮೆ, ತುಂಬುಪುಡಿ ಹೆಚ್ಚು. ಕಲಾವಿದ ದರ್ಜೆಯಲ್ಲಿ ವರ್ಣದ್ರವ್ಯದ ಪಾಲು ಹೆಚ್ಚಾದ್ದರಿಂದ ಹನಿ ಬಣ್ಣ ಬಹಳ ದೂರ ಹೋಗುತ್ತದೆ. 1931ರಲ್ಲಿ ಶಾಯಿ ತಯಾರಿಕೆಯಿಂದ ಆರಂಭವಾದ ಕ್ಯಾಮ್ಲಿನ್ ಸಂಸ್ಥೆಯ ಕ್ಯಾಮೆಲ್ ಬಣ್ಣಗಳು ಈ ಎರಡೂ ದರ್ಜೆಗಳಲ್ಲಿ ಸಿಗುತ್ತವೆ, ತಾಲ್ಲೂಕು ಪಟ್ಟಣದಲ್ಲಿಯೂ ತರಿಸಿಕೊಳ್ಳಬಹುದು. ವಿನ್ಸರ್ ಅಂಡ್ ನ್ಯೂಟನ್ ಸಂಸ್ಥೆ ತನ್ನ ವಿದ್ಯಾರ್ಥಿ ದರ್ಜೆಯನ್ನು ಕಾಟ್‌ಮನ್ ಎಂಬ ಹೆಸರಿನಲ್ಲಿ ಮಾರುತ್ತದೆ. ವಿದ್ಯಾರ್ಥಿ ದರ್ಜೆಯ ಇಪ್ಪತ್ತನಾಲ್ಕು ಬಣ್ಣಗಳಿಗಿಂತ ಕಲಾವಿದ ದರ್ಜೆಯ ಆರು ಬಣ್ಣಗಳು ಮೇಲು ಎಂಬುದರಲ್ಲಿ ಅನುಭವಿಗಳಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಆ ಆರು ಯಾವುವು ಎಂಬುದನ್ನು ಪುಸ್ತಕಗಳ ಪಟ್ಟಿಗಿಂತ ಕಣ್ಣೆದುರಿನ ನೆಲವೇ ಚೆನ್ನಾಗಿ ತೀರ್ಮಾನಿಸುತ್ತದೆ. ಈ ನಾಲ್ಕು ತಾಲ್ಲೂಕುಗಳ ಕೆಮ್ಮಣ್ಣು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಟ್ಯೂಬಿನ ಲೈಟ್ ರೆಡ್, ಇಂಡಿಯನ್ ರೆಡ್ ಬಣ್ಣಗಳೂ ಕಬ್ಬಿಣದ ಆಕ್ಸೈಡೇ. ಮಾಲೂರಿನ ಇಟ್ಟಿಗೆ, ಹೆಂಚುಗಳನ್ನು ಬರೆಯಲು ಇವುಗಳಲ್ಲಿ ಒಂದು ಇದ್ದರೆ ಬೇರೆ ಕೆಂಪು ಬೆರೆಸುವ ಗೋಜಿಲ್ಲ. ಸುಟ್ಟ ಮಣ್ಣಿನ ಕಂದುಬಣ್ಣವಾದ ಬರ್ನ್ಟ್ ಸಿಯೆನ್ನಾ ಎರಡನೆಯದು. ಮೂರನೆಯದು ಅಲ್ಟ್ರಾಮರೀನ್ ನೀಲಿ. ಒಂದು ಕಾಲಕ್ಕೆ ಆಫ್ಘಾನಿಸ್ತಾನದ ಲಾಪಿಸ್ ಲಾಜುಲಿ ಎಂಬ ನೀಲಿಕಲ್ಲನ್ನು ಅರೆದು ಮಾಡುತ್ತಿದ್ದ ಈ ಬಣ್ಣವನ್ನು 1820ರ ದಶಕದ ಕೊನೆಯಲ್ಲಿ ಕೃತಕವಾಗಿ ತಯಾರಿಸಲು ಕಲಿತ ಮೇಲೆ ಅದು ಎಷ್ಟು ಅಗ್ಗವಾಯಿತೆಂದರೆ, ಬಿಳಿಬಟ್ಟೆಗೆ ಕೊಡುವ ನೀಲಿಪುಡಿಯಾಗಿ ಮನೆಮನೆಯ ಬಚ್ಚಲಿಗೂ ಬಂತು. ಈ ನೀಲಿಯನ್ನೂ ಬರ್ನ್ಟ್ ಸಿಯೆನ್ನಾವನ್ನೂ ಬೆರೆಸಿದರೆ ಒಳ್ಳೆಯ ಬೂದುಬಣ್ಣ ಹುಟ್ಟುತ್ತದೆ. ನೀಲಿ ಹೆಚ್ಚಾದರೆ ತಣ್ಣನೆಯ ನೆರಳಿನ ಬೂದು, ಕಂದು ಹೆಚ್ಚಾದರೆ ಬಿಸಿಲು ಬಿದ್ದ ಕಲ್ಲಿನ ಬೂದು. ಮುಳಬಾಗಿಲು ತಾಲ್ಲೂಕಿನ ಆವನಿಯ ರಾಮಲಿಂಗೇಶ್ವರ ದೇಗುಲಗಳನ್ನಾಗಲಿ ಕುರುಡುಮಲೆಯ ಸೋಮೇಶ್ವರ ದೇಗುಲವನ್ನಾಗಲಿ ಬರೆಯಲು ಈ ಎರಡು ಟ್ಯೂಬುಗಳೇ ಮುಕ್ಕಾಲುಪಾಲು ಸಾಕು, ಡಬ್ಬಿಯಲ್ಲಿ ಬರುವ ಕಪ್ಪುಬಣ್ಣವನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಹಸುರಿನ ಟ್ಯೂಬನ್ನೂ ಕೊಳ್ಳದಿರುವುದು ಲೇಸು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಚಿಗುರೆಲೆ ತಾಮ್ರದ ಬಣ್ಣದಿಂದ ಆರಂಭವಾಗಿ ತಿಳಿಹಸುರಾಗಿ, ಬಲಿತ ಮೇಲೆ ಕಪ್ಪುಮಿಶ್ರಿತ ಹಸುರಾಗುತ್ತದೆ. ನೀಲಗಿರಿ ತೋಪಿನ ಹಸುರಿನಲ್ಲಿ ಬೂದಿಯ ಛಾಯೆ, ಹಿಪ್ಪುನೇರಳೆ ತೋಟದ ಹಸುರಿನಲ್ಲಿ ಹಳದಿಯ ಛಾಯೆ. ಡಬ್ಬಿಯ ಒಂದೇ ಹಸುರಿನಿಂದ ಇವನ್ನೆಲ್ಲ ಬರೆದರೆ ಇಡೀ ಸೀಮೆ ಪ್ಲಾಸ್ಟಿಕ್ ಗಿಡಗಳಿಂದ ತುಂಬಿದಂತೆ ಕಾಣುತ್ತದೆ. ನಿಂಬೆಹಳದಿ ಮತ್ತು ಯೆಲ್ಲೋ ಆಕರ್ ಎಂಬ ಮಣ್ಣಿನ ಹಳದಿಯನ್ನು ಇಟ್ಟುಕೊಂಡು ಅಲ್ಟ್ರಾಮರೀನಿನೊಡನೆ ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ, ಬೇಕಾದಲ್ಲಿ ಒಂದು ತೊಟ್ಟು ಕಂದು ಸೇರಿಸಿದರೆ ಈ ಹಸುರುಗಳೆಲ್ಲ ಸಿಗುತ್ತವೆ. ಆರನೆಯದು ಪರ್ಮನೆಂಟ್ ರೋಸ್‌ನಂಥ ತಣ್ಣನೆಯ ಕೆಂಪು. ಅದಿಲ್ಲದೆ ನೇರಳೆಯೂ ಇಲ್ಲ, ನಿಂಬೆಹಳದಿಯೊಡನೆ ಅದು ಕೂಡದೆ ಕೋಲಾರದ ಮಾರುಕಟ್ಟೆಯ ಟೊಮೆಟೊದ ಕೆಂಪೂ ಇಲ್ಲ.

ಮಾವಿಗೂ ಜಲವರ್ಣಕ್ಕೂ ಇರುವ ಒಂದು ವಿಚಿತ್ರ ಸಂಬಂಧವನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಚಿತ್ರಕಾರರು ಬಹಳ ಮೆಚ್ಚಿದ್ದ ಇಂಡಿಯನ್ ಯೆಲ್ಲೋ ಎಂಬ ಹಳದಿ ಹೇಗೆ ತಯಾರಾಗುತ್ತದೆಂಬುದನ್ನು ಟಿ. ಎನ್. ಮುಖರ್ಜಿ ಎಂಬ ಅಧಿಕಾರಿ 1883ರಲ್ಲಿ ಲಂಡನ್ನಿಗೆ ಬರೆದು ತಿಳಿಸಿದರು: ಬಿಹಾರದ ಮುಂಗೇರಿನ ಬಳಿ ಹಸುಗಳಿಗೆ ಮಾವಿನ ಎಲೆಯನ್ನೇ ತಿನ್ನಿಸಿ, ಅವುಗಳ ಗಂಜಲವನ್ನು ಕಾಯಿಸಿ ಬಣ್ಣದ ಉಂಡೆ ಕಟ್ಟುತ್ತಿದ್ದರೆಂದು. ಈಗ ಅದೇ ಹೆಸರಿನ ಟ್ಯೂಬಿನಲ್ಲಿರುವುದು ಕೃತಕ ವರ್ಣದ್ರವ್ಯ. ಬಣ್ಣದ ಹೆಸರನ್ನು ನಂಬಿ ಕೊಳ್ಳಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ನಂಬಬೇಕಾದದ್ದು ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಮುದ್ರಿಸಿರುವ ವರ್ಣದ್ರವ್ಯದ ಸಂಕೇತವನ್ನು: ಪಿಬಿ 29 ಎಂದರೆ ಅಲ್ಟ್ರಾಮರೀನ್, ಪಿಆರ್ 101 ಎಂದರೆ ಕೃತಕ ಕೆಂಪು ಕಬ್ಬಿಣದ ಆಕ್ಸೈಡ್, ಪಿವೈ 42 ಎಂದರೆ ಹಳದಿ ಕಬ್ಬಿಣದ ಆಕ್ಸೈಡ್, ಪಿವಿ 19 ಎಂದರೆ ಕ್ವಿನಾಕ್ರಿಡೋನ್ ಗುಂಪಿನ ಗುಲಾಬಿಗೆಂಪು. ಒಂದೇ ಸಂಕೇತವಿರುವ ಬಣ್ಣ ಬೆರೆಕೆಗೆ ಒಳ್ಳೆಯದು, ಏಕೆಂದರೆ ಮೂರುನಾಲ್ಕು ವರ್ಣದ್ರವ್ಯಗಳಿರುವ ಎರಡು ಟ್ಯೂಬುಗಳನ್ನು ಕೂಡಿಸಿದರೆ ಬರುವುದು ಸಾಮಾನ್ಯವಾಗಿ ಕೆಸರಿನ ಬಣ್ಣ. ಪಿಆರ್ 83 ಸಂಕೇತದ ಅಲಿಜರಿನ್ ಕ್ರಿಮ್ಸನ್ ಬೆಳಕಿಗೆ ಮಾಸುವ ಬಣ್ಣವೆಂದು ಪ್ರಸಿದ್ಧವಾಗಿದೆ; ಸಂಕೇತವನ್ನೇ ಮುದ್ರಿಸದ ಬಣ್ಣವನ್ನು ಮಕ್ಕಳ ಆಟಕ್ಕೆ ಬಿಡುವುದೇ ಸರಿ.

ಟ್ಯೂಬು, ಕೇಕುಗಳಲ್ಲಿ ಯಾವುದು ಒಳ್ಳೆಯದೆಂಬ ಚರ್ಚೆಗೆ ಹೆಚ್ಚಿನ ಅರ್ಥವಿಲ್ಲ. ಟ್ಯೂಬಿನ ಬಣ್ಣವನ್ನು ಖಾಲಿ ಗುಳಿಗಳಿಗೆ ತುಂಬಿ ಒಂದೆರಡು ದಿನ ಒಣಗಲು ಬಿಟ್ಟರೆ ಅದೇ ಕೇಕಾಗುತ್ತದೆ, ಮತ್ತೆ ಒದ್ದೆ ಬ್ರಷ್ ತಾಗಿಸಿದರೆ ಕರಗುತ್ತದೆ.

ಬ್ರಷ್ಷಿನಲ್ಲಿ ಸಂಖ್ಯೆಗಿಂತ ಗುಣ ನೋಡಬೇಕು. ಎಂಟನೆಯ ನಂಬರಿನ ದುಂಡನೆಯದೊಂದು, ನಾಲ್ಕನೆಯದೊಂದು, ಆಕಾಶಕ್ಕೂ ಕೆರೆಯ ನೀರಿಗೂ ಒಂದು ಇಂಚಿನ ಚಪ್ಪಟೆಯದೊಂದು ಇದ್ದರೆ ವರ್ಷಗಟ್ಟಲೆ ಕೆಲಸ ನಡೆಯುತ್ತದೆ. ಒಳ್ಳೆಯ ದುಂಡು ಬ್ರಷ್ ಹೊಟ್ಟೆಯಲ್ಲಿ ನೀರನ್ನು ಹಿಡಿದಿಟ್ಟುಕೊಂಡೂ ತುದಿಯಲ್ಲಿ ಸೂಜಿಯಂತೆ ಮೊನೆಗಟ್ಟುತ್ತದೆ. ಅಂಗಡಿಯಲ್ಲಿ ತುದಿ ಚೂಪಾಗಿ ಕಾಣುವುದು ತಯಾರಕರು ಹಚ್ಚಿದ ಗೋಂದಿನಿಂದಾದ್ದರಿಂದ, ಒಂದು ಲೋಟ ನೀರು ಕೇಳಿ ಅದ್ದಿ, ಕೊಡವಿ, ಮೊನೆ ಮರಳುತ್ತದೆಯೇ ಎಂದು ನೋಡಿ ಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ. ಸೈಬೀರಿಯದ ಒಂದು ಬಗೆಯ ವೀಸಲ್ ಪ್ರಾಣಿಯ ಬಾಲದ ಕೂದಲಿನಿಂದ ಮಾಡುವ ಕೊಲಿನ್ಸ್‌ಕಿ ಬ್ರಷ್ಷುಗಳು ಅತ್ಯುತ್ತಮವೆಂದು ಹೆಸರಾಗಿದ್ದರೂ ಹೊಸಬರಿಗೆ ನೈಲಾನ್ ಎಳೆಯವು ಧಾರಾಳವಾಗಿ ಸಾಕು. ಮೈಸೂರು ಸಂಪ್ರದಾಯದ ಚಿತ್ರಕಾರರು ಅಳಿಲಿನ ಬಾಲದ ಕೂದಲಿನಿಂದ ತಮ್ಮ ಕುಂಚಗಳನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಮುಂಗುಸಿಯ ಕೂದಲಿನ ಬ್ರಷ್ಷನ್ನು ಮಾತ್ರ ಯಾರು ಕೊಟ್ಟರೂ ಕೊಳ್ಳಬಾರದು. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ, ಅದರ ಕೂದಲಿನ ವ್ಯಾಪಾರವೇ ಅಪರಾಧ.

ಉಳಿದವುಗಳಿಗೆ ಮನೆಯೇ ಸಾಕು: ಬಣ್ಣ ಬೆರೆಸಲು ಬಿಳಿಯ ಪಿಂಗಾಣಿ ತಟ್ಟೆ, ಎರಡು ಗಾಜಿನ ಲೋಟ, ಹಳೆಯ ಹತ್ತಿ ಬಟ್ಟೆ, ಪ್ಲೈವುಡ್ಡಿನ ತುಂಡು, ಎಚ್‌ಬಿ ಪೆನ್ಸಿಲ್. ಪ್ಲಾಸ್ಟಿಕ್ ತಟ್ಟೆಯ ಮೇಲೆ ಬಣ್ಣ ಹನಿಹನಿಯಾಗಿ ಒಡೆಯುತ್ತದೆ, ಪಿಂಗಾಣಿಯ ಮೇಲೆ ಹರಡಿ ನಿಲ್ಲುತ್ತದೆ.

ಕೈಯಲ್ಲಿರುವ ಹಣವನ್ನು ಹೇಗೆ ಹಂಚಬೇಕೆಂದರೆ, ಸುಮಾರು ಅರ್ಧವನ್ನು ಕಾಗದಕ್ಕೆ, ಉಳಿದದ್ದರಲ್ಲಿ ಹೆಚ್ಚಿನ ಪಾಲನ್ನು ಬಣ್ಣಕ್ಕೆ, ಮಿಕ್ಕಿದ್ದನ್ನು ಬ್ರಷ್ಷಿಗೆ. ಹಣ ತೀರ ಕಡಿಮೆಯಿದ್ದಲ್ಲಿ ಬಣ್ಣಗಳನ್ನು ಆರರಿಂದ ಮೂರಕ್ಕೆ ಇಳಿಸಬಹುದು, ಕಾಗದವನ್ನು ಮಾತ್ರ ಇಳಿಸಬಾರದು. ಹತ್ತಿಕಾಗದದ ಬಿಡಿ ಹಾಳೆ, ಬಿಡಿ ಟ್ಯೂಬುಗಳು ತಾಲ್ಲೂಕು ಪಟ್ಟಣದಲ್ಲಿ ಸಿಗದಿದ್ದರೆ ಬೆಂಗಳೂರಿನಿಂದ ತರಿಸಬೇಕಾಗುತ್ತದೆ. ಹಾಗೆ ಹೋದವರು ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೂ ಒಂದು ಗಳಿಗೆ ಹೋಗಿಬರುವುದು ಅಂಗಡಿಗೆ ಹೋದಷ್ಟೇ ಪ್ರಯೋಜನಕಾರಿ. ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಕೆ. ವೆಂಕಟಪ್ಪನವರು (1886–1965) ಬರೆದ ಊಟಿ, ಕೊಡೈಕೆನಾಲ್‌ಗಳ ಜಲವರ್ಣ ದೃಶ್ಯಗಳಲ್ಲಿ ಮಂಜಿನ ಬಿಳುಪು ಎಲ್ಲಿಂದ ಬಂದಿದೆಯೆಂಬುದನ್ನು ಹತ್ತಿರ ನಿಂತು ನೋಡಿದವರಿಗೆ ಕಾಗದದ ಬೆಲೆ ದುಬಾರಿಯೆನಿಸುವುದಿಲ್ಲ. ಬೆಂಗಳೂರಿನ ಹೂಮರಗಳನ್ನು ಬರೆದ ರುಮಾಲೆ ಚೆನ್ನಬಸವಯ್ಯನವರ (1910–1988) ಕೃತಿಗಳೂ, ಸಾಮಾನ್ಯವಾಗಿ ಜನವರಿಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಏರ್ಪಡಿಸುವ ಚಿತ್ರಸಂತೆಯೂ ನೋಡಬೇಕಾದವು. ಸಂತೆಯಲ್ಲಿ ಚಿತ್ರಕಾರರನ್ನು ಯಾವ ಕಾಗದ, ಯಾವ ಬಣ್ಣ ಎಂದು ಕೇಳಿದರೆ ಸಾಮಾನ್ಯವಾಗಿ ಯಾರೂ ಮುಚ್ಚಿಡುವುದಿಲ್ಲ.

ಕೊಂಡುತಂದದ್ದನ್ನು ಕಾಪಾಡುವುದಕ್ಕೂ ಊರಿನ ಹವೆಯನ್ನೇ ನೋಡಿ ನಡೆಯಬೇಕು. ಮಳೆಗಾಲದ ತೇವಕ್ಕೆ ಸಿಕ್ಕ ಕಾಗದದಲ್ಲಿ ಸೈಜಿಂಗ್ ಕೆಟ್ಟು ಅಲ್ಲಲ್ಲಿ ಬಣ್ಣ ಇಂಗುವುದರಿಂದ, ಹಾಳೆಗಳನ್ನು ಗೋಡೆಗೆ ಒರಗಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಮಟ್ಟಸವಾಗಿ ಮಲಗಿಸಿಡಬೇಕು. ಜೇನು ಬೆರೆಸಿದ ಬಣ್ಣ ಬೇಸಿಗೆಯಲ್ಲಿಯೂ ಒಡೆಯದೆ ಮೆತ್ತಗಿರುತ್ತದೆ, ಆದರೆ ಡಬ್ಬಿಯನ್ನು ತೆರೆದಿಟ್ಟರೆ ಇರುವೆ ಮುತ್ತುತ್ತದೆ. ಬ್ರಷ್ಷನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಮರೆತರೆ ಮೊನೆ ಬಾಗುವುದಲ್ಲದೆ ಹಿಡಿಯ ಮರ ಉಬ್ಬಿ ಲೋಹದ ಕೊಳವೆ ಸಡಿಲವಾಗುತ್ತದೆ. ತೊಳೆದು, ಬೆರಳಿನಿಂದ ಮೊನೆ ತಿದ್ದಿ, ಅಡ್ಡಲಾಗಿ ಒಣಗಿಸಿದ ನೈಲಾನ್ ಬ್ರಷ್ ಕೂಡ ಅದರ ಬೆಲೆಗೆ ಮೀರಿ ಬಾಳುತ್ತದೆ.